ಹಸಿರೆಲ್ಲ ಕಾಡಲ್ಲ, ಉಪಗ್ರಹಕ್ಕೆ ಅದನ್ನು ನಾವೇ ಹೇಳಬೇಕು

ಮೇಲಿನಿಂದ ನೋಡಿದರೆ ಅಡಿಕೆ ತೋಟವೂ ಹಸಿರು, ರಬ್ಬರೂ ಹಸಿರು, ಅಕೇಸಿಯವೂ ಹಸಿರು. ಕುದುರೆಮುಖದ ಬುಡದ ಹಳೇ ಕಾಡೂ ಹಸಿರೇ. ಕೆಳಗೆ ನಿಂತ ನಮಗೆ ಇವು ನಾಲ್ಕೂ ಬೇರೆ ಬೇರೆ ಅಂತ ಗೊತ್ತುಂಟು. ಮೇಲಿನಿಂದ ನೋಡಿ ನಕ್ಷೆ ಮಾಡುವವರಿಗೆ ಅದು ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ಕಾರ್ಕಳ, ಹೆಬ್ರಿ ಕಡೆಯ ಕೃಷಿಕರು ಹತ್ತು ಹನ್ನೆರಡು ವರ್ಷಗಳಿಂದ ‘ನಕ್ಷೆ ತಪ್ಪು’ ಎಂದು ಕೂಗುತ್ತಿರುವುದರ ಮೂಲ ಇಲ್ಲೇ ಇದೆ.

ಹಾಗೆಂದು ಉಪಗ್ರಹವನ್ನು ಬೈದು ಪ್ರಯೋಜನವಿಲ್ಲ. ಅದು ಕಂಡದ್ದನ್ನು ಕಂಡ ಹಾಗೆ ಹೇಳುತ್ತದೆ. ಕಂಡದ್ದಕ್ಕೆ ಹೆಸರಿಡುವವರು ಮನುಷ್ಯರು. ಆ ಹೆಸರಿಡುವ ಕೆಲಸದಲ್ಲಿ ಕೃಷಿಕನಿಗೆ ಪಾಲು ಬೇಕು ಎಂಬುದಷ್ಟೇ ನನ್ನ ವಾದ.

ನಮ್ಮ ಊರಿನವರೇ ಹಾರಿಸಿದ ಉಪಗ್ರಹ

ದೂರಸಂವೇದಿ, ಅಂದರೆ ರಿಮೋಟ್ ಸೆನ್ಸಿಂಗ್, ನಮಗೆ ಪರಕೀಯ ವಿದ್ಯೆ ಏನಲ್ಲ. ಪ್ರಾಯೋಗಿಕ ಹಂತ ದಾಟಿದ ನಮ್ಮ ದೇಶದ ಮೊದಲ ಪೂರ್ಣಪ್ರಮಾಣದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹಾರಿದ್ದು 1988ರ ಮಾರ್ಚ್ 17ರಂದು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಈಗಿನ ಕಾಪು ತಾಲೂಕಿನ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್. ಬೆಳೆ, ಕಾಡು, ನೀರು, ಮೀನು ಇವುಗಳ ಲೆಕ್ಕ ಮೇಲಿನಿಂದ ಸಿಗಬೇಕು ಎಂಬ ಉದ್ದೇಶದಿಂದಲೇ ಆ ಸಾಲಿನ ಉಪಗ್ರಹಗಳು ಹುಟ್ಟಿದವು.

ಕೆಲಸ ಮಾಡುವ ಕ್ರಮ ಸರಳ. ಹಸಿರೆಲೆ ಬಿಸಿಲಿನ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕನ್ನು ಜೋರಾಗಿ ವಾಪಸು ಎಸೆಯುತ್ತದೆ. ಉಪಗ್ರಹ ಈ ಎರಡನ್ನೂ ಅಳೆದು ನೋಡುತ್ತದೆ. ವ್ಯತ್ಯಾಸ ಹೆಚ್ಚಿದ್ದರೆ ಎಲೆ ಜಾಸ್ತಿ, ಕಡಿಮೆ ಇದ್ದರೆ ಎಲೆ ಕಡಿಮೆ. ಎಲೆ ಎಷ್ಟು ಉಂಟು ಎಂಬುದು ಇದರಿಂದ ಚೆನ್ನಾಗಿ ತಿಳಿಯುತ್ತದೆ. ಆ ಎಲೆ ಯಾವ ಮರದ್ದು, ಆ ಮರ ನೆಟ್ಟದ್ದೋ ಹುಟ್ಟಿದ್ದೋ, ಅದರ ಬುಡದಲ್ಲಿ ಕಂದಾಯ ಕಟ್ಟುವವರು ಇದ್ದಾರೋ ಇಲ್ಲವೋ ಎಂಬುದು ಇದರಿಂದ ತಿಳಿಯುವುದಿಲ್ಲ.

ಇನ್ನೊಂದು ವಿಷಯ ಚುಕ್ಕಿಯದ್ದು. ಉಪಗ್ರಹದ ಚಿತ್ರ ಎಂದರೆ ಚೌಕ ಚೌಕವಾದ ಚುಕ್ಕಿಗಳ ರಾಶಿ. ಒಂದು ಚುಕ್ಕಿಯೊಳಗೆ ಏನೇ ಇರಲಿ, ಎಲ್ಲ ಸೇರಿ ಒಂದೇ ಬಣ್ಣ. ಈ ಚುಕ್ಕಿಯನ್ನು ಮೀಟರಿನಲ್ಲಿ ಹೇಳಿದರೆ ನಮಗೆ ಹಿಡಿಯುವುದಿಲ್ಲ, ಸೆಂಟ್ಸಿನಲ್ಲಿ ಲೆಕ್ಕ ಹಾಕೋಣ. 1988ರ ಉಪಗ್ರಹದ ದೊಡ್ಡ ಚುಕ್ಕಿ 72.5 ಮೀಟರ್ ಚೌಕ. ಅಂದರೆ ಸುಮಾರು ಒಂದು ಎಕರೆ 30 ಸೆಂಟ್ಸ್! ನಮ್ಮಲ್ಲಿ ಎಷ್ಟೋ ಜನರ ಇಡೀ ತೋಟ ಅದರ ಒಂದು ಚುಕ್ಕಿಯೊಳಗೆ ಮುಳುಗಿಹೋಗುತ್ತಿತ್ತು. 1995ರ ಕೊನೆಗೆ ಹಾರಿದ ಐಆರ್‌ಎಸ್-1ಸಿಯಲ್ಲಿ 23.5 ಮೀಟರಿನ ಚುಕ್ಕಿ ಬಂತು, ಅದು ಹದಿಮೂರೂವರೆ ಸೆಂಟ್ಸ್. ಅಮೆರಿಕದ ಲ್ಯಾಂಡ್‌ಸ್ಯಾಟ್‌ನದ್ದು 30 ಮೀಟರ್, 22 ಸೆಂಟ್ಸ್. 2015ರಿಂದ ಹಾರುತ್ತಿರುವ ಯುರೋಪಿನ ಸೆಂಟಿನೆಲ್-2ರದ್ದು 10 ಮೀಟರ್, ಎರಡೂವರೆ ಸೆಂಟ್ಸ್. ನಮ್ಮ ಕಾರ್ಟೋಸ್ಯಾಟ್ ಸಾಲಿನಲ್ಲಿ ಒಂದು ಮೀಟರಿಗಿಂತ ಚಿಕ್ಕ ಚುಕ್ಕಿಯೂ ಇದೆ. ಅಂದರೆ ಕಣ್ಣು ಚುರುಕಾಗುತ್ತಾ ಬಂದಿದೆ. ಆದರೆ ನಮ್ಮ ತಲೆಯ ಮೇಲೆ ಬರುವ ನಕ್ಷೆ ಯಾವ ಕಣ್ಣಿನಿಂದ ನೋಡಿದ್ದು ಎಂದು ಕೇಳುವವರು ಯಾರು?

ಕಾಡು ಎಂದರೆ ಏನು?

ದೇಶದ ಕಾಡಿನ ಲೆಕ್ಕ ಕೊಡುವುದು ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ. 1987ರಿಂದ ಎರಡು ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ ವರದಿ ತರುತ್ತಿದೆ. 2024ರ ಡಿಸೆಂಬರಿನಲ್ಲಿ ಬಿಡುಗಡೆಯಾದ 2023ರ ವರದಿಯ ಪ್ರಕಾರ ದೇಶದ ನೂರಕ್ಕೆ 25.17 ಭಾಗ ಕಾಡು ಮತ್ತು ಮರಗಳಿಂದ ಮುಚ್ಚಿದೆ. ಕೇಳಲಿಕ್ಕೆ ಸಂತೋಷ. ಆದರೆ ಅವರ ‘ಅರಣ್ಯ ಹೊದಿಕೆ’ಯ ವ್ಯಾಖ್ಯೆ ಓದಿ: ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗ, ನೂರಕ್ಕೆ ಹತ್ತು ಭಾಗ ಮರದ ನೆರಳು. ಅಷ್ಟಿದ್ದರೆ ಸಾಕು. ಜಾಗ ಯಾರದ್ದು, ಮರ ಯಾವುದು ಎಂಬ ಪ್ರಶ್ನೆಯೇ ಇಲ್ಲ. ಹಣ್ಣಿನ ತೋಟ, ಬಿದಿರು, ತಾಳೆ ಜಾತಿಯ ಮರಗಳೂ ಸೇರಿದವು ಎಂದೇ ಅದರಲ್ಲಿದೆ. ತೆಂಗು, ಅಡಿಕೆ ತಾಳೆ ಜಾತಿಯವೇ ಅಲ್ಲವೇ?

ಅವರು ಇದನ್ನು ಮುಚ್ಚಿಟ್ಟಿಲ್ಲ. ವರದಿಯಲ್ಲೇ ಬರೆದಿದ್ದಾರೆ. ಮರದ ಹೊದಿಕೆ ಅಳೆಯಲು ಮಾಡಿದ ವ್ಯಾಖ್ಯೆ ಅದು, ಅಷ್ಟಕ್ಕೆ ಸರಿಯೇ. ಎಡವಟ್ಟಾಗುವುದು ‘ಹೊದಿಕೆ’ ಎಂಬ ಶಬ್ದ ಮಾಯವಾಗಿ ಬರೀ ‘ಅರಣ್ಯ’ ಉಳಿದಾಗ.

ಒಂದು ಹೆಕ್ಟೇರ್ ಎಂದರೆ 2 ಎಕರೆ 47 ಸೆಂಟ್ಸ್. ಅದಕ್ಕಿಂತ ಚಿಕ್ಕದು ಆ ನಕ್ಷೆಯಲ್ಲಿ ಬೇರೆಯಾಗಿ ಕಾಣುವುದಿಲ್ಲ, ಪಕ್ಕದ್ದರಲ್ಲಿ ಕರಗುತ್ತದೆ. ನಮ್ಮಲ್ಲಿ ಹೆಚ್ಚಿನವರ ಹಿಡುವಳಿಯೇ ಎರಡೂವರೆ ಎಕರೆಯ ಒಳಗೆ. ಕಾಡಿನ ಅಂಚಿನ ಒಂದು ಎಕರೆ ಅಡಿಕೆ ತೋಟ ಕಾಡಿನೊಳಗೆ ಕರಗುತ್ತದೆ. ಬೈಲಿನ ನಡುವಿನ ಹತ್ತು ಸೆಂಟ್ಸ್ ನಾಗಬನ ಗದ್ದೆಯೊಳಗೆ ಕರಗುತ್ತದೆ. ಊರಿನ ಮೂಲ ಕಾಡಿನ ಜಾತಿಗಳೆಲ್ಲ ಉಳಿದಿರುವುದು ಅಂಥ ಬನಗಳಲ್ಲಿ. ಅದು ಲೆಕ್ಕಕ್ಕಿಲ್ಲ. ಗುಡ್ಡದ ತಲೆಯ ಅಕೇಸಿಯ ನೆಡುತೋಪು ಲೆಕ್ಕಕ್ಕುಂಟು. ಇದು ಎಂಥ ಲೆಕ್ಕ ಮಾರಾಯ್ರೇ!

ಒಂದೇ ತಪ್ಪು, ಎರಡು ನಷ್ಟ

ಮೊದಲ ನಷ್ಟ ಕೃಷಿಕನಿಗೆ. ಕಸ್ತೂರಿರಂಗನ್ ಸಮಿತಿಯ ಪ್ರಕರಣ ಎಲ್ಲರಿಗೂ ನೆನಪಿರಬಹುದು. 2012ರಲ್ಲಿ ನೇಮಕವಾಗಿ 2013ರ ಏಪ್ರಿಲ್‌ನಲ್ಲಿ ವರದಿ ಕೊಟ್ಟ ಈ ಸಮಿತಿಯ ಮುಖ್ಯಸ್ಥರು ಸ್ವತಃ ಉಪಗ್ರಹ ವಿಜ್ಞಾನಿ, ಇಸ್ರೋದ ಮಾಜಿ ಅಧ್ಯಕ್ಷರು. ಹಾಗಾಗಿ ಅವರು ಉಪಗ್ರಹದ ಚಿತ್ರವನ್ನೇ ಆಧಾರ ಮಾಡಿಕೊಂಡರು. ಮನುಷ್ಯ ಬಳಸುವ ನೆಲ ಬೇರೆ, ನೈಸರ್ಗಿಕ ನೆಲ ಬೇರೆ ಎಂದು ವಿಂಗಡಿಸಲು ಪ್ರಯತ್ನಿಸಿದ್ದೂ ನಿಜ. ಆರು ರಾಜ್ಯಗಳಲ್ಲಿ 59,940 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಎಂದು ಗುರುತಿಸಿದರು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್.

ಆದರೆ ಅವರು ಹಿಡಿದ ಅಳತೆಗೋಲು ಗ್ರಾಮ. ಒಂದು ಗ್ರಾಮದ ನೂರಕ್ಕೆ 20 ಭಾಗ ಸೂಕ್ಷ್ಮ ಎಂದು ಕಂಡರೆ ಇಡೀ ಗ್ರಾಮ ಪಟ್ಟಿಗೆ. ಉಳಿದ 80 ಭಾಗ ಗದ್ದೆ, ತೋಟ, ಮನೆ, ಶಾಲೆ ಏನೇ ಇದ್ದರೂ ಸರಿ. 24 ಮೀಟರ್ ಚುಕ್ಕಿಯಲ್ಲಿ ತೋಟವನ್ನು ಕಾಡೆಂದು ತಿಳಿದ ಒಂದಿಷ್ಟು ತಪ್ಪು ಸೇರಿದರೆ 15 ಭಾಗ ಇದ್ದದ್ದು 20 ಆಗಲಿಕ್ಕೆ ಹೆಚ್ಚು ಹೊತ್ತು ಬೇಡ. ಕಾರ್ಕಳ ತಾಲೂಕಿನ ಘಟ್ಟದ ಬುಡದಲ್ಲಿ, ಮಾಳದಂಥ ಊರುಗಳಲ್ಲಿ, ಅಸಮಾಧಾನ ಹುಟ್ಟಿದ್ದು ಇದಕ್ಕೇ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಕೃಷಿ ಮಾಡಬಾರದು, ಅಡಿಕೆ ನೆಡಬಾರದು, ಒಕ್ಕಲೆಬ್ಬಿಸುತ್ತೇವೆ ಎಂದು ಕರಡು ಅಧಿಸೂಚನೆಯಲ್ಲಿ ಇಲ್ಲ. ನಿಷೇಧ ಇದ್ದದ್ದು ಗಣಿ, ಕಲ್ಲು ಕೋರೆ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೈಗಾರಿಕೆ, 20,000 ಚದರ ಮೀಟರಿಗೆ ಮೇಲಿನ ಕಟ್ಟಡ ಇಂಥವಕ್ಕೆ. ಸಭೆಗಳಲ್ಲಿ ಇದನ್ನು ಹೇಳಿದವರು ಕಡಿಮೆ. ಆದರೂ ಕೃಷಿಕನ ಹೆದರಿಕೆಗೆ ಅರ್ಥವಿಲ್ಲ ಎನ್ನಲಾರೆ. ಕುಮ್ಕಿಯ ಹಕ್ಕು ತೂಗುಯ್ಯಾಲೆಯಲ್ಲಿದೆ, ಡೀಮ್ಡ್ ಫಾರೆಸ್ಟ್ ಎಂಬ ಹೆಸರು 1996ರ ಸುಪ್ರೀಂ ಕೋರ್ಟ್ ಆದೇಶದ ನಂತರ ತಲೆಯ ಮೇಲೆ ತೂಗುತ್ತಿದೆ. ರಾಜ್ಯದಲ್ಲಿ ಸುಮಾರು 9.94 ಲಕ್ಷ ಹೆಕ್ಟೇರ್ ಎಂದು ಮೊದಲು ಗುರುತಿಸಿದ ಡೀಮ್ಡ್ ಅರಣ್ಯ ಮರುಪರಿಶೀಲನೆಯಾಗಿ 2022ರಲ್ಲಿ ಸುಮಾರು 3.3 ಲಕ್ಷಕ್ಕೆ ಇಳಿಯಿತು. ಮೂರರಲ್ಲಿ ಎರಡು ಪಾಲು ಬಿಟ್ಟುಹೋಯಿತು! ಕಾಗದದ ಒಂದು ಗೆರೆ ನಮ್ಮ ಪಾಲಿಗೆ ಎಷ್ಟು ಭಾರ ಎಂದು ಇದರಿಂದ ತಿಳಿಯುತ್ತದೆ.

ಎರಡನೇ ನಷ್ಟ ಕಾಡಿಗೆ. ತೋಟವನ್ನು ಕಾಡೆಂದು ಎಣಿಸಿದರೆ ಕಾಡು ಹೋದದ್ದು ಗೊತ್ತೇ ಆಗುವುದಿಲ್ಲ. ನಮ್ಮ ಮೇಲಿನ ಉತ್ತರ ಕನ್ನಡವನ್ನು ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ 1973ರಿಂದ 2013ರ ವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿದೆ. ಜಿಲ್ಲೆಯ ಒಟ್ಟು ಹಸಿರು ನೂರಕ್ಕೆ ಸುಮಾರು 93ರಿಂದ 80ಕ್ಕೆ ಇಳಿದಿತ್ತು. ಅದೇ ಅವಧಿಯಲ್ಲಿ ನಿತ್ಯಹಸಿರಿನ ಕಾಡು ಸುಮಾರು 68ರಿಂದ 32ಕ್ಕೆ ಬಿದ್ದಿತ್ತು. ಬರೀ ಹಸಿರು ನೋಡಿದವನಿಗೆ ‘ಸ್ವಲ್ಪ ಕಡಿಮೆಯಾಗಿದೆ’. ಕಾಡಿನ ಜಾತಿ ನೋಡಿದವನಿಗೆ ಅರ್ಧಕ್ಕಿಂತ ಹೆಚ್ಚು ಹೋಗಿದೆ.

ಇದು ನಮ್ಮ ಹೊಟ್ಟೆಗೆ ಸಂಬಂಧಿಸಿದ್ದು. ಸ್ವರ್ಣಾ ನದಿ ಹುಟ್ಟುವುದು ಕಾರ್ಕಳದ ಘಟ್ಟದ ಬುಡದಲ್ಲಿ. ಅದರ ನೀರು ಬಜೆ ಅಣೆಕಟ್ಟಿಗೆ ಬಂದು ಅಲ್ಲಿಂದ ಉಡುಪಿ, ಮಣಿಪಾಲದ ನಲ್ಲಿಗೆ. 2019ರ ಬೇಸಿಗೆಯಲ್ಲಿ ಬಜೆಯಲ್ಲಿ ನೀರು ತಳ ಕಂಡು ಪೇಟೆಯವರು ಟ್ಯಾಂಕರಿಗೆ ಕಾದರು. ಮಳೆ ತಡವಾದದ್ದು ಒಂದು ಕಾರಣ. ಆದರೆ ಮಳೆ ನಿಂತ ಮೇಲೂ ತೋಡಿನಲ್ಲಿ ನೀರು ಹರಿಸುವುದು ಮೇಲಿನ ಕಾಡು. ಅದು ರಬ್ಬರೋ ಅಕೇಸಿಯವೋ ಹಳೇ ಕಾಡೋ ಎಂಬುದರಲ್ಲಿ ವ್ಯತ್ಯಾಸ ಉಂಟು ಎಂದು ತೋಡಿಗೆ ಕಟ್ಟ ಹಾಕಿ ತೋಟ ಉಳಿಸುವ ಪ್ರತಿಯೊಬ್ಬನೂ ಬಲ್ಲ.

ಹಾಗಾಗಿ ‘ತೋಟವನ್ನು ಕಾಡೆನ್ನಬೇಡಿ’ ಎಂಬ ಕೃಷಿಕನ ಬೇಡಿಕೆಯೂ, ‘ಕಾಡನ್ನು ಉಳಿಸಿ’ ಎಂಬ ಪರಿಸರದವರ ಬೇಡಿಕೆಯೂ ಒಂದೇ. ಎರಡಕ್ಕೂ ಬೇಕಾದದ್ದು ಸರಿಯಾದ ನಕ್ಷೆ. ಇಷ್ಟು ವರ್ಷ ಎದುರುಬದುರು ನಿಂತು ಕೂಗಿದವರು ಈ ಒಂದು ವಿಷಯದಲ್ಲಿ ಒಟ್ಟಿಗೆ ಕೂತುಕೊಳ್ಳಬಹುದಿತ್ತು.

ಮೇಲಿನಿಂದ ಕಾಣದ್ದು

ನಮ್ಮ ಕರಾವಳಿಯಲ್ಲಿ ಇನ್ನೂ ಕೆಲವು ತೊಡಕುಗಳಿವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ. ಮಾಮೂಲಿ ಉಪಗ್ರಹ ಏನನ್ನೂ ಕಾಣದು. ಆದ್ದರಿಂದ ಕಾಡಿನ ಲೆಕ್ಕಕ್ಕೆ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಡಿಸೆಂಬರ್ ತನಕದ ಚಿತ್ರ ಬಳಸುತ್ತಾರೆ. ಆಗ ನಮ್ಮಲ್ಲಿ ಕಳೆಯೂ ಹಸಿರು, ಬಳ್ಳಿಯೂ ಹಸಿರು. ಆ ಹೊತ್ತಿಗೆ ರಬ್ಬರಿಗೂ ಕಾಡಿಗೂ ವ್ಯತ್ಯಾಸ ಹುಡುಕುವುದು ಕಷ್ಟ. ಜನವರಿ ಆಸುಪಾಸಿನಲ್ಲಿ ರಬ್ಬರ್ ಎಲೆ ಉದುರಿಸುತ್ತದೆ, ನಿತ್ಯಹಸಿರಿನ ಕಾಡು ಉದುರಿಸುವುದಿಲ್ಲ. ಎರಡು ಕಾಲದ ಚಿತ್ರ ಪಕ್ಕಪಕ್ಕ ಇಟ್ಟರೆ ಬೇರ್ಪಡಿಸಬಹುದು. ಆದರೆ ಎಲೆ ಉದುರಿಸುವ ಕಾಡೂ ನಮ್ಮಲ್ಲಿದೆಯಲ್ಲ! ಕೊನೆಗೆ ಸ್ಥಳಕ್ಕೆ ಬಂದು ನೋಡಲೇಬೇಕು.

ಗದ್ದೆಯದ್ದು ಇನ್ನೊಂದು ಕಥೆ. ಏಣಿಲು ಕೊಯ್ದ ಮೇಲೆ ಖಾಲಿ ಬಿದ್ದ ಬೆಟ್ಟು ಗದ್ದೆ ಫೆಬ್ರವರಿಯ ಚಿತ್ರದಲ್ಲಿ ಪಾಳು ನೆಲದಂತೆ ಕಾಣುತ್ತದೆ. ಹತ್ತು ವರ್ಷದಿಂದ ಹಡಿಲು ಬಿದ್ದ ಗದ್ದೆ ಪೊದೆ ಬೆಳೆದು ಹಸಿರಾಗಿ ಕಾಣುತ್ತದೆ. ಉಡುಪಿಯಲ್ಲಿ 2021ರಲ್ಲಿ ಹಡಿಲು ಗದ್ದೆಗಳಿಗೆ ಮತ್ತೆ ಭತ್ತ ತರುವ ಆಂದೋಲನ ನಡೆಯಿತು. ಎಲ್ಲೆಲ್ಲಿ ಎಷ್ಟು ಹಡಿಲು ಉಂಟು ಎಂದು ಹುಡುಕಲಿಕ್ಕೆ, ನಂತರ ಎಷ್ಟು ಉಳಿಯಿತು ಎಂದು ವರ್ಷ ವರ್ಷ ನೋಡಲಿಕ್ಕೆ ಉಪಗ್ರಹಕ್ಕಿಂತ ಒಳ್ಳೆಯ ಸಾಧನ ಇಲ್ಲ, ಊರಿನವರು ಜೊತೆಗಿದ್ದರೆ.

ಮುರಕಲ್ಲಿನ ಪದವುಗಳಿಗೆ ನಕ್ಷೆಯಲ್ಲಿ ಸಿಗುವ ಹೆಸರು ‘ಪಾಳುಭೂಮಿ’. ಮಣಿಪಾಲವೂ 1950ರ ದಶಕದವರೆಗೆ ಅಂಥದೇ ಒಂದು ಬೋಳು ಗುಡ್ಡ. ಈ ಲೆಕ್ಕದಲ್ಲಿ ಕಾರ್ಕಳದ ಗೊಮ್ಮಟ ನಿಂತ ಬಂಡೆಯೂ ಪಾಳುಭೂಮಿಯೇ! ದನ ಮೇಯುವ, ಮುಳಿಹುಲ್ಲು ಸಿಗುವ, ಮಳೆನೀರು ನಿಲ್ಲುವ ಜಾಗಕ್ಕೆ ಪಾಳು ಎಂದು ಹೆಸರು ಬಿದ್ದರೆ ನಾಳೆ ಅಲ್ಲಿಗೆ ಕೋರೆಯೋ ಕಾರ್ಖಾನೆಯೋ ಬರುವಾಗ ‘ಹೇಗೂ ಪಾಳು ಬಿದ್ದದ್ದು’ ಎನ್ನುತ್ತಾರೆ. ಇನ್ನು ಕಾಪು ಕಡೆಗೆ ಬಂದರೆ ಎಲ್ಲೂರಿನ 1,200 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಯಾವ ಉಪಗ್ರಹಕ್ಕೂ ಕಾಣುತ್ತದೆ. ಪಾದೂರಿನಲ್ಲಿ ಬಂಡೆಯೊಳಗೆ ಕೊರೆದು 25 ಲಕ್ಷ ಟನ್ ಕಚ್ಚಾ ತೈಲ ತುಂಬಿಸುವ ಸಂಗ್ರಹಾಗಾರ ಮಾಡಿದ್ದಾರಲ್ಲ, ಅದರ ಹೊಟ್ಟೆ ಮೇಲಿನಿಂದ ಕಾಣುವುದಿಲ್ಲ. ಸುತ್ತಲಿನ ಬಾವಿಯ ನೀರಿನಲ್ಲಿ ಏನಾದರೂ ಬದಲಾದರೆ ಮೊದಲು ಗೊತ್ತಾಗುವುದು ಬಾವಿ ಸೇದುವವರಿಗೇ.

ಕೇರಳದವರು ಏನು ಮಾಡಿದರು?

ಕಸ್ತೂರಿರಂಗನ್ ವರದಿ ಬಂದಾಗ ಕೇರಳದಲ್ಲೂ ಗಲಾಟೆ ಆಯಿತು, ನಮಗಿಂತ ಜೋರಾಗಿಯೇ ಆಯಿತು. ಆದರೆ ಅಲ್ಲಿ ಉಮ್ಮನ್ ವಿ. ಉಮ್ಮನ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿ, ಪಂಚಾಯತ್ ಮಟ್ಟದಲ್ಲಿ ಸ್ಥಳ ಪರಿಶೀಲನೆ ನಡೆಸಿ, ಜನವಸತಿ ಮತ್ತು ತೋಟಗಳನ್ನು ಬೇರ್ಪಡಿಸಿದ ಲೆಕ್ಕ ಕೊಟ್ಟರು. 2014ರ ಕರಡಿನಲ್ಲಿ ಕೇರಳದ ಪಾಲು 13,108ರಿಂದ 9,993.7 ಚದರ ಕಿಲೋಮೀಟರಿಗೆ ಇಳಿಯಿತು. ನಮ್ಮ 20,668 ಹಾಗೆಯೇ ಉಳಿಯಿತು. 2014ರಿಂದ 2024ರ ತನಕ ಆರು ಬಾರಿ ಕರಡು ಹೊರಟಿತು, ಆರು ಬಾರಿಯೂ ಅದೇ ಅಂಕಿ.

ನಮ್ಮಲ್ಲೂ ಗ್ರಾಮಸಭೆಗಳಾದವು. ‘ವರದಿ ಬೇಡ’ ಎಂಬ ನಿರ್ಣಯಗಳು ಹೋದವು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮತ್ತೊಮ್ಮೆ ತಿರಸ್ಕರಿಸಿತು. ‘ಬೇಡ’ ಎನ್ನುವ ಹಕ್ಕು ನಮಗುಂಟು, ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ‘ಬೇಡ’ ಎಂದ ಮಾತ್ರಕ್ಕೆ ನಕ್ಷೆ ಅಳಿಯುವುದಿಲ್ಲ. ತಪ್ಪು ನಕ್ಷೆ ಕಡತದಲ್ಲೇ ಕೂತಿರುತ್ತದೆ, ಮತ್ತೊಂದು ಹೆಸರಿನಲ್ಲಿ ಇನ್ನೊಂದು ದಿನ ಹೊರಬರುತ್ತದೆ. ಇಂಥ ಸರ್ವೇ ನಂಬರಿನ ಇಂಥ ಭಾಗ ತೋಟ, ಇಂಥದ್ದು ನಿಜವಾಗಿ ಕಾಡು ಎಂದು ಬರೆದುಕೊಟ್ಟ ಕಾಗದಕ್ಕೆ ಇರುವ ತೂಕ ಘೋಷಣೆಗಿಲ್ಲ.

ಪೇಟೆಯೂ ನಕ್ಷೆ ಕೇಳುತ್ತಿದೆ

ಇನ್ನು ಮುಂದೆ ನಕ್ಷೆ ಕೇಳುವವರು ಸರಕಾರದವರು ಮಾತ್ರ ಅಲ್ಲ. ಐರೋಪ್ಯ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ರಬ್ಬರ್, ಕಾಫಿ, ಕೊಕ್ಕೊ ಮುಂತಾದವು ಅಲ್ಲಿಗೆ ಹೋಗಬಾರದು, ಬೆಳೆದ ಜಾಗದ ಗುರುತು ಕೊಡಬೇಕು ಎಂದು. ಜಾರಿ ಮುಂದೂಡುತ್ತಾ ಬಂದಿದ್ದರೂ ಕಾನೂನು ಹೋಗಿಲ್ಲ. ಮುದಿ ರಬ್ಬರ್ ಕಡಿದು ಹೊಸತು ನೆಟ್ಟವನ ಜಾಗ ಉಪಗ್ರಹದ ಲೆಕ್ಕದಲ್ಲಿ ‘ಮರ ನಾಶ’ ಎಂದು ಕಾಣುತ್ತದೆ. ಅದು ಕಾಡಲ್ಲ, ತೋಟವೇ ಎಂದು ತೋರಿಸಲು ಹಳೇ ದಾಖಲೆ ಬೇಕು.

ನಾವು ಮಾಡಬಹುದಾದದ್ದು

ಇದಕ್ಕೆಲ್ಲ ದೊಡ್ಡ ಓದು ಬೇಡ. ಮನೆಯಲ್ಲಿ ಫೋನ್ ಹಿಡಿದ ಮಕ್ಕಳಿದ್ದರೆ ಅರ್ಧ ಕೆಲಸ ಆಯಿತು.

1. ನಿಮ್ಮ ಸರ್ವೇ ನಂಬರನ್ನು ನೋಡಿ. ಕರ್ನಾಟಕ ದೂರಸಂವೇದಿ ಕೇಂದ್ರ ಮಾಡಿದ ‘ದಿಶಾಂಕ್’ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೇ ನಂಬರ್ ಸಿಗುತ್ತದೆ. ಗಡಿ ಗೆರೆ ಕೆಲವು ಮೀಟರ್ ಆಚೀಚೆ ಇರಬಹುದು, ಅಳತೆಗೆ ಅದನ್ನೇ ನಂಬಬೇಡಿ. ಇಸ್ರೋದ ‘ಭುವನ್’, ಗೂಗಲ್ ಅರ್ತ್ ಎರಡೂ ಉಚಿತ. ಗೂಗಲ್ ಅರ್ತ್‌ನಲ್ಲಿ ಹಿಂದಿನ ವರ್ಷಗಳ ಚಿತ್ರವನ್ನೂ ನೋಡಬಹುದು.

2. ಹಳೇ ಚಿತ್ರ ತೆಗೆದಿಡಿ. ಲ್ಯಾಂಡ್‌ಸ್ಯಾಟ್‌ನ 1972ರಿಂದ ಈಚಿನ ಚಿತ್ರಗಳೆಲ್ಲ 2008ರಿಂದ ಎಲ್ಲರಿಗೂ ಉಚಿತವಾಗಿವೆ. ಮೂವತ್ತು ವರ್ಷದ ಹಿಂದೆ ತೋಟ ಇತ್ತು ಎನ್ನಲು ನೆರೆಮನೆಯವರ ಬಾಯಿಮಾತಿಗಿಂತ ಅದು ಗಟ್ಟಿ.

3. ಬೆಳೆ ಸಮೀಕ್ಷೆಯನ್ನು ಉದಾಸೀನ ಮಾಡಬೇಡಿ. ರಾಜ್ಯದಲ್ಲಿ ಸರ್ವೇ ನಂಬರ್ ಪ್ರಕಾರ, ಜಾಗದಲ್ಲೇ ನಿಂತು ಫೋಟೋ ತೆಗೆದು ಬೆಳೆ ದಾಖಲಿಸುವ ಕ್ರಮ ಇದೆ. 2020ರಿಂದ ಕೃಷಿಕರೇ ಅಪ್‌ಲೋಡ್ ಮಾಡಬಹುದು. ಒಂದು ಇಲಾಖೆಯ ಪುಸ್ತಕದಲ್ಲಿ ಅಡಿಕೆ ಎಂದಿರುವ ಜಾಗ ಇನ್ನೊಂದು ನಕ್ಷೆಯಲ್ಲಿ ಕಾಡು ಎಂದಿರುವುದು ಹೇಗೆ? ಈ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ ಎಂಬುದೇ ನಮ್ಮ ಮೊದಲ ಬೇಡಿಕೆಯಾಗಬೇಕು. ಹೊಸ ಸರ್ವೇ ಬೇಕಿಲ್ಲ, ಇರುವುದನ್ನು ಜೋಡಿಸಿದರೆ ಸಾಕು.

4. ನಕ್ಷೆ ಗ್ರಾಮ ಪಂಚಾಯತ್ ಗೋಡೆಗೆ ಬರಬೇಕು. ಕನ್ನಡದಲ್ಲಿ, ಸರ್ವೇ ನಂಬರ್ ಸಹಿತ, ಯಾವ ಉಪಗ್ರಹ, ಯಾವ ತಿಂಗಳು, ಎಷ್ಟು ಮೀಟರಿನ ಚುಕ್ಕಿ ಎಂದು ಬರೆದು. ತಿದ್ದುಪಡಿ ಹೇಳಲು ಸಮಯ ಕೊಟ್ಟ ಮೇಲೆಯೇ ತೀರ್ಮಾನ. ಪ್ರತಿ ಪಂಚಾಯತ್‌ನಲ್ಲೂ ಇರಬೇಕಾದ ಜೀವವೈವಿಧ್ಯ ಸಮಿತಿಗೆ ಈ ಕೆಲಸ ಕೊಡಬಹುದು.

5. ಮಣಿಪಾಲದ ಎಂಜಿನಿಯರಿಂಗ್ ಕಾಲೇಜು, ಸುರತ್ಕಲ್‌ನ ಎನ್‌ಐಟಿಕೆ ನಮ್ಮ ಬಾಗಿಲಲ್ಲೇ ಇವೆ. ಅಲ್ಲಿನ ಮಕ್ಕಳಿಗೆ ಪ್ರಾಜೆಕ್ಟ್ ಬೇಕು, ನಮಗೆ ನಕ್ಷೆ ಬೇಕು. ಅವರು ಕಂಪ್ಯೂಟರ್ ತರಲಿ, ನಾವು ಗುಡ್ಡ ಹತ್ತಿ ತೋರಿಸೋಣ.

2025ರ ಜುಲೈ 30ರಂದು ಇಸ್ರೋ ಮತ್ತು ನಾಸಾ ಒಟ್ಟಿಗೆ ‘ನಿಸಾರ್’ ಉಪಗ್ರಹ ಹಾರಿಸಿವೆ. ಅದರದ್ದು ರಾಡಾರ್ ಕಣ್ಣು. ಮೋಡ ಇದ್ದರೂ ಮಳೆಗಾಲದಲ್ಲೂ 12 ದಿನಕ್ಕೊಮ್ಮೆ ನೋಡಬಲ್ಲದು, ಎಲೆಯ ಹೊದಿಕೆಯ ಒಳಗೂ ಸ್ವಲ್ಪ ಇಳಿಯಬಲ್ಲದು. ಇನ್ನು ಮೇಲೆ ಗುಡ್ಡ ಬೋಳಿಸಿದವನೂ, ರಾತೋರಾತ್ರಿ ಕೋರೆ ಅಗಲ ಮಾಡಿದವನೂ, ಗದ್ದೆಗೆ ಮಣ್ಣು ತುಂಬಿದವನೂ ತಪ್ಪಿಸಿಕೊಳ್ಳುವುದು ಕಷ್ಟ. ನಮ್ಮಲ್ಲಿ ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ. ಆದರೆ ಸಣ್ಣ ಕೃಷಿಕನಿಗೆ ಇದರಿಂದ ನಷ್ಟಕ್ಕಿಂತ ಲಾಭವೇ ಹೆಚ್ಚು ಎಂದು ನನ್ನ ನಂಬಿಕೆ. ನಮ್ಮ ತೋಡಿನ ತಲೆಯಲ್ಲಿ ಏನು ನಡೆಯುತ್ತಿದೆ ಎಂದು ನಾವೂ ನೋಡಬಹುದಲ್ಲ!

ನಿಮ್ಮ ಗ್ರಾಮದಲ್ಲಿ ಸರ್ವೇ ನಂಬರ್ ಹಿಡಿದು ನಕ್ಷೆ ತಿದ್ದಿಸಿದವರು, ತಿದ್ದಿಸಲು ಹೋಗಿ ಸೋತವರು ಇದ್ದರೆ ಪತ್ರಿಕೆಗೆ ಬರೆಯಿರಿ. ಯಾವ ಕಚೇರಿಯಲ್ಲಿ ಯಾವ ಕಾಗದ ಕೇಳಿದರು, ಎಷ್ಟು ದಿನ ಹಿಡಿಯಿತು ಎಂಬಷ್ಟನ್ನಾದರೂ ತಿಳಿಸಿ. ಹತ್ತು ಊರಿನ ಅನುಭವ ಒಟ್ಟಾದರೆ ಹನ್ನೊಂದನೇ ಊರಿನವರಿಗೆ ದಾರಿ ಸುಲಭ ಆದೀತು.